ಹಿಂದಿಯ ಹಿಂದೆಯೇ ತುಳುವೂ ಹೊರಟೀತೆ?

ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್ 8ರಂದು ಮುಖ್ಯಮಂತ್ರಿಗೆ ವರದಿ ಒಪ್ಪಿಸಿತು. ಅದರಲ್ಲಿ ಹೆಚ್ಚು ಚರ್ಚೆಯಾದದ್ದು ಭಾಷೆಯ ಶಿಫಾರಸು: ತ್ರಿಭಾಷಾ ಸೂತ್ರ ಬೇಡ, ಕನ್ನಡ ಅಥವಾ ಮಾತೃಭಾಷೆ ಒಂದು, ಇಂಗ್ಲಿಷ್ ಒಂದು, ಈ ಎರಡು ಸಾಕು. ಸುದ್ದಿ ಮಾತ್ರ ‘ಶಾಲೆಯಿಂದ ಹಿಂದಿ ಹೊರಕ್ಕೆ’ ಎಂದು ಹರಡಿತು. ಖುಷಿಪಟ್ಟವರೂ ಸಿಟ್ಟಾದವರೂ ಹಿಂದಿಯನ್ನೇ ಹಿಡಿದು ಜಗ್ಗಿದರು.

ಆದರೆ ಮೂರನೇ ಭಾಷೆ ಎನ್ನುವುದು ಹಿಂದಿಗೆ ಖಾತೆ ಮಾಡಿಕೊಟ್ಟ ಜಾಗವಲ್ಲ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನವನ್ನು ನೋಡಿದರೆ ಹಿಂದಿಯ ಪಕ್ಕದಲ್ಲೇ ಸಂಸ್ಕೃತ, ಉರ್ದು, ಅರೇಬಿಕ್, ಕೊಂಕಣಿ, ತುಳು ಕಾಣುತ್ತವೆ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಕೂರುವ ಪರೀಕ್ಷೆಯಲ್ಲಿ ತುಳು ಬರೆಯುವವರು ಒಂದು ಹಿಡಿಯಷ್ಟು. ಅವರು ಆ ಭಾಷೆಯನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂಬುದು ತಿಳಿದರೆ, ಈ ಜಾಗ ಮುಚ್ಚಿದಾಗ ಯಾರಿಗೆ ಪೆಟ್ಟು ಬೀಳುತ್ತದೆ ಎಂಬುದೂ ತಿಳಿಯುತ್ತದೆ.

625ರ ಲೆಕ್ಕ

ಎಸ್ಸೆಸ್ಸೆಲ್ಸಿಯಲ್ಲಿ ಆರು ವಿಷಯ. ಪ್ರಥಮ ಭಾಷೆಗೆ 125 ಅಂಕ, ಉಳಿದ ಐದಕ್ಕೂ ತಲಾ 100. ಪ್ರಥಮ ಭಾಷೆಯಲ್ಲಿ 100 ಲಿಖಿತ ಪರೀಕ್ಷೆಗೆ, 25 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಉಳಿದ ವಿಷಯಗಳಲ್ಲಿ ಇದು 80 ಮತ್ತು 20. ಅಂದರೆ ಮೂರು ಭಾಷೆಗಳೇ 325 ಅಂಕ, ಒಟ್ಟು ಮೊತ್ತದ ಅರ್ಧಕ್ಕಿಂತ ಹೆಚ್ಚು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಸೇರಿ 300.

ಭಾಷೆಯ ಆಯ್ಕೆ ಅಭಿಮಾನದ ಪ್ರಶ್ನೆಯಾಗುವ ಮೊದಲೇ ಅಂಕಗಣಿತದ ಪ್ರಶ್ನೆಯಾಗುವುದು ಇದರಿಂದ. ಒಬ್ಬ ಹುಡುಗಿ ಹಿಂದಿಯಲ್ಲಿ 65 ತೆಗೆಯುವವಳು, ತುಳು ತೆಗೆದುಕೊಂಡರೆ 95 ತೆಗೆಯಬಲ್ಲಳು ಎಂದುಕೊಳ್ಳಿ. 30 ಅಂಕದ ವ್ಯತ್ಯಾಸ ಎಂದರೆ 625ರಲ್ಲಿ ಶೇ 4.8. ಪಿಯು ಪ್ರವೇಶದ ಕಟ್‌ಆಫ್ ಪಟ್ಟಿಯಲ್ಲಿ ಇಷ್ಟು ಅಂತರ ಕಾಲೇಜನ್ನೇ ಬದಲಿಸಬಹುದು. ಗಣಿತದಲ್ಲಿ ಹೆಚ್ಚಿಗೆ 30 ಅಂಕ ಗಳಿಸಲು ಬೇಕಾಗುವ ಟ್ಯೂಷನ್ ಮತ್ತು ನಿದ್ದೆಗೆಡುವ ರಾತ್ರಿಗಳ ಮುಂದೆ ಇದು ಅಗ್ಗದ ದಾರಿ.

ತೇರ್ಗಡೆಯ ನಿಯಮ 2025ರಲ್ಲಿ ಸಡಿಲವಾಯಿತು: 625ಕ್ಕೆ ಒಟ್ಟು 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30. ಹಾಗಿದ್ದರೂ ಒಂದೇ ಒಂದು ವಿಷಯ ಕೈಕೊಟ್ಟರೆ ಫೇಲು ಫೇಲೇ. ಮನೆಯಲ್ಲೂ ಬೀದಿಯಲ್ಲೂ ಕಿವಿಗೆ ಬೀಳದ ಭಾಷೆ ಈ ಬಾಗಿಲಲ್ಲಿ ಕಾಯುತ್ತಿದ್ದರೆ, ಮೇಲಿನ ರ‍್ಯಾಂಕಿನ ಮಕ್ಕಳಿಗಿಂತ ಕೆಳಗಿನ ಬೆಂಚಿನ ಮಕ್ಕಳಿಗೆ ಅದರ ಬಿಸಿ ಹೆಚ್ಚು.

ಮನೆಮಾತು, ಪರೀಕ್ಷೆಯ ಮಾತು

ದಕ್ಷಿಣ ಕನ್ನಡ ಮತ್ತು ಉಡುಪಿಯ ಶಾಲೆಗಳಲ್ಲಿ 2010ರಿಂದ ಆರನೇ ತರಗತಿಗೆ ತುಳು ಐಚ್ಛಿಕ ತೃತೀಯ ಭಾಷೆಯಾಗಿ ಬಂತು. ಆ ಮಕ್ಕಳು ಹತ್ತನೆಯ ತರಗತಿ ಮುಟ್ಟಿದ 2014-15ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ತುಳು ಬರೆದವರು 18 ಮಂದಿ. ಮುಂದಿನ ಐದು ವರ್ಷಗಳೊಳಗೆ ಆ ಸಂಖ್ಯೆ ಹಲವು ನೂರಕ್ಕೆ ಏರಿತು.

ಏರಲು ಮೊದಲ ಕಾರಣ ಲಿಪಿ. ತುಳುವಿಗೆ ತನ್ನದೇ ಲಿಪಿ ಇದೆ, ಆದರೆ ಪಠ್ಯಪುಸ್ತಕ ಕನ್ನಡ ಲಿಪಿಯಲ್ಲಿದೆ. ಹಿಂದಿಗೆ ಹೋಗುವ ಮಗು ಆರನೆಯ ತರಗತಿಯಲ್ಲಿ ದೇವನಾಗರಿ ತಿದ್ದಬೇಕು, ನಪುಂಸಕವಿಲ್ಲದ ಲಿಂಗವ್ಯವಸ್ಥೆಗೆ ಒಗ್ಗಿಕೊಳ್ಳಬೇಕು. ಕಿಟಕಿ ಯಾಕೆ ಹೆಣ್ಣು ಮತ್ತು ಮನೆ ಯಾಕೆ ಗಂಡು ಎಂಬುದಕ್ಕೆ ಉತ್ತರವಿಲ್ಲ, ಬಾಯಿಪಾಠವೇ ಗತಿ. ತುಳು ಮನೆಯ ಮಗುವಿಗೆ ತುಳು ತರಗತಿಯಲ್ಲಿ ಅಕ್ಷರ ಹೊಸತಲ್ಲ, ವಾಕ್ಯ ಹೊಸತಲ್ಲ, ಪಾಡ್ದನದ (ತುಳು ಜನಪದ ಕಥನಗೀತೆ) ಧಾಟಿ ಹೊಸತಲ್ಲ, ಕೋಲ–ಕಂಬಳದ ಪದಗಳಂತೂ ಮೇಷ್ಟ್ರಿಗಿಂತ ಅದಕ್ಕೇ ಚೆನ್ನಾಗಿ ಗೊತ್ತಿರಬಹುದು.

ಎಡವುವುದೂ ಇಲ್ಲೇ. ಮನೆಯಲ್ಲಿ ಆಡುವುದು ಬೇರೆ, ಉತ್ತರಪತ್ರಿಕೆಯಲ್ಲಿ ಬರೆಯುವುದು ಬೇರೆ. ತುಳುವಿನಲ್ಲಿ ಕನ್ನಡ ವರ್ಣಮಾಲೆಯಲ್ಲಿಲ್ಲದ ಸ್ವರಗಳಿವೆ. ‘ಇಲ್ಲ್’ (ಮನೆ), ‘ನೀರ್’ ಎಂಬ ಪದಗಳ ಕೊನೆಯಲ್ಲಿ ಕೇಳುವ ಅರೆ ಉಕಾರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಒಬ್ಬರು ಅರ್ಧಾಕ್ಷರ ಮಾಡಿ ಬಿಡುತ್ತಾರೆ, ಇನ್ನೊಬ್ಬರು ಉಕಾರವನ್ನೇ ಹಾಕುತ್ತಾರೆ. ಎಕಾರ ಇನ್ನೂ ತೊಡಕಿನದು. ‘ಆಯೆ ಬತ್ತೆ’ ಎಂದರೆ ಅವನು ಬಂದ, ‘ಯಾನ್ ಬತ್ತೆ’ ಎಂದರೆ ನಾನು ಬಂದೆ. ಬಾಯಲ್ಲಿ ಈ ಎರಡು ‘ಬತ್ತೆ’ಗಳ ಕೊನೆಯ ಸ್ವರ ಬೇರೆ ಬೇರೆ, ಎರಡನೆಯದರಲ್ಲಿ ಬಾಯಿ ಹೆಚ್ಚು ತೆರೆದುಕೊಳ್ಳುತ್ತದೆ. ಕಾಗದದ ಮೇಲೆ ಚಿಹ್ನೆ ಹಾಕದಿದ್ದರೆ ಎರಡೂ ಒಂದೇ. ಮನೆಯಲ್ಲಿ ಒಮ್ಮೆಯೂ ತಪ್ಪದ ಹುಡುಗ ಬರೆಯುವಾಗ ತಪ್ಪುತ್ತಾನೆ. ಇದರ ಮೇಲೆ ಊರಿಂದೂರಿಗೆ, ಸಮುದಾಯದಿಂದ ಸಮುದಾಯಕ್ಕೆ ಬದಲಾಗುವ ರೂಪಗಳು: ತನ್ನ ಅಜ್ಜಿ ಹೇಳುವ ಪದ ಪಠ್ಯದಲ್ಲಿ ಇನ್ನೊಂದಾಗಿರುತ್ತದೆ. ‘ಗೊತ್ತಿರುವ ಭಾಷೆ, ಓದುವುದೇನಿದೆ’ ಎಂದು ಪುಸ್ತಕ ಮುಚ್ಚಿಟ್ಟವರಿಗೆ ಅಂಕ ಸೋರುವುದು ವ್ಯಾಕರಣ ಮತ್ತು ಪದ್ಯಭಾಗದಲ್ಲಿ.

ಕೊಂಕಣಿಯ ಕಥೆ ಇದರ ಅಣ್ಣ. ಅಲ್ಲಿ ಪಠ್ಯ ಎರಡು ಲಿಪಿಯಲ್ಲಿ, ಕನ್ನಡದಲ್ಲೂ ದೇವನಾಗರಿಯಲ್ಲೂ, ಸಿಗುತ್ತದೆ. ಕ್ರೈಸ್ತರ ಕೊಂಕಣಿಗೂ ಗೌಡ ಸಾರಸ್ವತರ ಕೊಂಕಣಿಗೂ ಪದಬಳಕೆಯಲ್ಲಿ ಅಂತರವಿದೆ. ಯಾವ ಲಿಪಿ ಎಂಬುದನ್ನು ಮೊದಲೇ ತೀರ್ಮಾನಿಸಿ ಅದರಲ್ಲೇ ಐದು ವರ್ಷ ಬರೆಯಬೇಕು. ನಡುವೆ ಬದಲಿಸಿದರೆ ಕಲಿತದ್ದು ಅರ್ಧ ಮರೆತಂತೆ.

ಸಂಸ್ಕೃತದ್ದು ಬೇರೆಯೇ ತರ್ಕ

ತುಳು ಆರಿಸುವವರು ಮನೆಯಲ್ಲಿ ತುಳು ಇದೆಯೆಂದು ಆರಿಸುತ್ತಾರೆ. ಸಂಸ್ಕೃತವೋ, ಯಾರ ಮನೆಯಲ್ಲೂ ಇಲ್ಲದಿರುವುದರಿಂದಲೇ ಅನುಕೂಲ. 2011ರ ಜನಗಣತಿಯಲ್ಲಿ ಸಂಸ್ಕೃತವನ್ನು ಮಾತೃಭಾಷೆ ಎಂದು ಬರೆಸಿದವರು ದೇಶದಲ್ಲೆಲ್ಲ ಸೇರಿ 24,821. ಹೀಗಾಗಿ ‘ನಿಮ್ಮ ಮಾತಿನಲ್ಲಿ ವಿವರಿಸಿ’ ಎಂದು ಕೇಳುವ ಧೈರ್ಯ ಪ್ರಶ್ನೆಪತ್ರಿಕೆಗೆ ಕಡಿಮೆ. ವಿಭಕ್ತಿಯ ಕೋಷ್ಟಕ, ಸಂಧಿ, ಸಮಾಸ, ಕಂಠಪಾಠದ ಶ್ಲೋಕ, ಅನುವಾದ, ಹೀಗೆ ಉತ್ತರ ಸರಿ ಅಥವಾ ತಪ್ಪು. ಸರಿಯಿದ್ದರೆ ಪೂರ್ಣ ಅಂಕ. ಪಿಯುಸಿಯಲ್ಲಂತೂ ಭಾಷಾಭಾಗ ಬಿಟ್ಟು ಪಾಠಾಧಾರಿತ ಪ್ರಶ್ನೆಗಳಿಗೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸಬಹುದು. ಕನ್ನಡ ಪತ್ರಿಕೆಯಲ್ಲಿ ಪ್ರಬಂಧ ಬರೆದವನಿಗೆ ಪೂರ್ಣ ಅಂಕ ಕೊಡಲು ಮೌಲ್ಯಮಾಪಕರ ಪೆನ್ನು ಅನುಮಾನಿಸುತ್ತದೆ. ವ್ಯಾಕರಣದ ನಿಯಮದಂತೆ ಪದರೂಪ ಬರೆಯುವ ರೂಪಸಿದ್ಧಿಗೆ ಅನುಮಾನಿಸಲು ಜಾಗವಿಲ್ಲ.

ಇದು ಹಳೆಯ ಜಗಳ. 1979ರ ಅಕ್ಟೋಬರಿನಲ್ಲಿ ದೇವರಾಜ ಅರಸು ಸರ್ಕಾರ ಪ್ರಥಮ ಭಾಷೆಗಳ ಪಟ್ಟಿಯಿಂದ ಸಂಸ್ಕೃತವನ್ನು ತೆಗೆಯಿತು. ಅದಕ್ಕೆ ಬಂದ ಪ್ರತಿಭಟನೆ, ಪ್ರತಿಭಟನೆಗೆ ಬಂದ ಪ್ರತಿಭಟನೆ, 1980ರ ಗೋಕಾಕ್ ಸಮಿತಿ, 1982ರ ಚಳವಳಿ, ಇವೆಲ್ಲ ಸುತ್ತಿದ್ದು ‘ಹೆಚ್ಚು ಅಂಕದ ಪ್ರಥಮ ಭಾಷೆ ಯಾವುದಾಗಬೇಕು’ ಎಂಬ ಒಂದೇ ಪ್ರಶ್ನೆಯ ಸುತ್ತ. ಕನ್ನಡ ಅಕ್ಷರವೇ ಇಲ್ಲದೆ ಮೆಟ್ರಿಕ್ ಮುಗಿಸುವ ದಾರಿ ಮುಚ್ಚಬೇಕೆಂಬುದು ಚಳವಳಿಯ ಬೇಡಿಕೆಯಾಗಿತ್ತು. ಆ ದಾರಿ ಕಾನೂನಿನಲ್ಲಿ ಗಟ್ಟಿಯಾಗಿ ಮುಚ್ಚಿದ್ದು 2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮದಿಂದ: 2015-16ರ ಒಂದನೇ ತರಗತಿಯಿಂದ ಮೊದಲ್ಗೊಂಡು, ಯಾವುದೇ ಬೋರ್ಡಿನ ಶಾಲೆಯಾದರೂ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯ.

ಈ ಒಂದು ಕಾಯ್ದೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಯ್ಕೆ ಮಗುವಿನದೋ, ಶಾಲೆಯದೋ?

ಕಾಗದದಲ್ಲಿ ಆಯ್ಕೆ ವಿದ್ಯಾರ್ಥಿಯದು. ನೆಲದ ಮೇಲೆ ಅದು ಮಂಜೂರಾದ ಹುದ್ದೆಯದು. ಸರ್ಕಾರಿ ಪ್ರೌಢಶಾಲೆಯಲ್ಲಿ ಹಿಂದಿ ಭಾಷಾ ಶಿಕ್ಷಕರ ಹುದ್ದೆ ಇದೆ, ನೇಮಕಾತಿ ಇದೆ, ವರ್ಗಾವಣೆ ಇದೆ, ನಿವೃತ್ತರಾದರೆ ಆ ಖಾಲಿ ಸ್ಥಾನಕ್ಕೆ ಲೆಕ್ಕ ಇದೆ. ತುಳು ಕಲಿಸುವವರಿಗೆ ಹಾಗಿಲ್ಲ. ಬಹುಮಟ್ಟಿಗೆ ಗೌರವಧನದ ಮೇಲೆ, ತುಳು ಸಾಹಿತ್ಯ ಅಕಾಡೆಮಿಯ ಬೆಂಬಲದಿಂದ ಮತ್ತು ಆಯಾ ಶಾಲೆಯ ಆಡಳಿತದ ಆಸಕ್ತಿಯಿಂದ ಆ ತರಗತಿ ನಡೆಯುತ್ತದೆ. ಆ ಶಿಕ್ಷಕಿ ಬೇರೆ ಕೆಲಸ ಸಿಕ್ಕಿ ಹೋದರೆ ಆ ವರ್ಷದ ಆರನೇ ತರಗತಿಯ ಮಕ್ಕಳೆಲ್ಲ ಹಿಂದಿಗೆ. ಮರುವರ್ಷ ಶಿಕ್ಷಕಿ ಸಿಕ್ಕರೂ ಏಳಕ್ಕೆ ಹೋದವರು ವಾಪಸ್ ಬರುವುದಿಲ್ಲ. ತೃತೀಯ ಭಾಷೆ ಆರಕ್ಕೆ ಶುರುವಾಗಿ ಹತ್ತರವರೆಗೆ ಒಂದೇ ಎಳೆಯಲ್ಲಿ ಸಾಗಬೇಕಾದ್ದರಿಂದ ಒಂದು ವರ್ಷದ ಕಡಿತ ಐದು ವರ್ಷದ ಖಾಲಿತನವಾಗಿ ಮುಂದೆ ಸಾಗುತ್ತದೆ.

ಇಂಥ ಸಣ್ಣ ಭಾಷೆಗಳಿಗೆ ಜಾಗ ಮಾಡುವ ಲೆಕ್ಕ ಹೇಗಿರುತ್ತದೆ ಎಂಬುದಕ್ಕೆ ಪಕ್ಕದ ಮಹಾರಾಷ್ಟ್ರ ಒಳ್ಳೆಯ ಉದಾಹರಣೆ. ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆ ಮಾಡಲು ಹೊರಟ ಅಲ್ಲಿನ ಸರ್ಕಾರ, ವಿರೋಧ ಬಂದಮೇಲೆ 2025ರ ಜೂನ್ 17ರಂದು ಆದೇಶ ತಿದ್ದಿತು: ಹಿಂದಿ ‘ಸಾಮಾನ್ಯವಾಗಿ’ ಇರುತ್ತದೆ, ಬೇರೆ ಭಾರತೀಯ ಭಾಷೆ ಬೇಕಾದರೆ ತರಗತಿಗೆ ಕನಿಷ್ಠ 20 ಮಕ್ಕಳು ಕೇಳಬೇಕು, ಆಗ ಶಿಕ್ಷಕರನ್ನೋ ಆನ್‌ಲೈನ್ ಪಾಠವನ್ನೋ ಒದಗಿಸಲಾಗುವುದು. ಹಳ್ಳಿ ಶಾಲೆಯಲ್ಲಿ ಇಡೀ ತರಗತಿಯ ಹಾಜರಾತಿಯೇ 20 ಮುಟ್ಟದಿದ್ದಾಗ ಈ ಆಯ್ಕೆಗೆ ಅರ್ಥವೇನು? ಜೂನ್ 29ಕ್ಕೆ ಆ ಆದೇಶವೇ ಹಿಂದಕ್ಕೆ ಹೋಯಿತು. ಆದರೆ ಆ 20 ಎಂಬ ಸಂಖ್ಯೆ ಹೇಳುವ ಮಾತು ಎಲ್ಲ ರಾಜ್ಯಕ್ಕೂ ಅನ್ವಯ: ಆಯ್ಕೆ ಕೊಟ್ಟಿದ್ದೇವೆ ಎನ್ನುವುದಕ್ಕೂ ಆಯ್ಕೆ ಸಿಗುವುದಕ್ಕೂ ನಡುವೆ ಒಬ್ಬ ಶಿಕ್ಷಕರ ಸಂಬಳ ನಿಂತಿರುತ್ತದೆ.

ಮೂರು ದಿಕ್ಕಿನ ವಾದ

ದ್ವಿಭಾಷೆ ಬೇಕೆನ್ನುವವರ ವಾದ ಗಟ್ಟಿಯಾಗಿಯೇ ಇದೆ. ಕಲಬುರಗಿಯ ಅಥವಾ ಚಾಮರಾಜನಗರದ ಮೊದಲ ತಲೆಮಾರಿನ ವಿದ್ಯಾರ್ಥಿಗೆ ಕನ್ನಡದ ಓದೇ ಸಲೀಸಾಗಿಲ್ಲ, ಇಂಗ್ಲಿಷ್ ಭಯ ಹುಟ್ಟಿಸುತ್ತದೆ, ಅದರ ಮೇಲೆ ಮೂರನೆಯದು ಹೊರೆ. ಆ ಅವಧಿಗಳನ್ನು ಗಣಿತಕ್ಕೋ ಇಂಗ್ಲಿಷಿಗೋ ಕೊಟ್ಟರೆ ಮಗು ಉಳಿದೀತು. ಜೊತೆಗೆ, ಐಚ್ಛಿಕ ಎಂಬ ಹೆಸರಿನಲ್ಲಿ ನಡೆಯುತ್ತಿರುವುದು ಹಿಂದಿಯ ಕಡ್ಡಾಯವೇ ಅಲ್ಲವೇ ಎಂಬ ಪ್ರಶ್ನೆ. ಹುದ್ದೆಗಳ ಲೆಕ್ಕ ನೋಡಿದರೆ ಅದನ್ನು ತಳ್ಳಿಹಾಕಲಾಗದು.

ಎದುರು ಬದಿಯವರು, ಮಗುವಿನ ಮಿದುಳಿಗೆ ಮೂರು ಭಾಷೆ ಭಾರವಲ್ಲ, ಕಲಿಸುವ ರೀತಿ ಭಾರ ಎನ್ನುತ್ತಾರೆ. ಅದೂ ನಿಜ, ಬಳ್ಳಾರಿಯ ಅಂಗಡಿಯ ಹುಡುಗ ದಿನವೂ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾನೆ. ಆದರೆ ಅವನಿಗೆ ಯಾರೂ ಸಮಾಸ ಕೇಳುವುದಿಲ್ಲ.

ಮೂರನೆಯ ದಿಕ್ಕಿನ ಧ್ವನಿ ಕ್ಷೀಣ. ತುಳು, ಕೊಂಕಣಿ ಸಂಘಟನೆಗಳದು. ಇವರಲ್ಲಿ ಅನೇಕರಿಗೆ ಹಿಂದಿ ಹೇರಿಕೆಯ ವಿರೋಧದಲ್ಲಿ ಕನ್ನಡ ಹೋರಾಟಗಾರರ ಜೊತೆ ಒಮ್ಮತವಿದೆ, ಆದರೆ ಜಾಗವನ್ನೇ ಕಿತ್ತುಹಾಕಿದರೆ ತಮ್ಮ ಭಾಷೆಯ ಕಾಲಡಿಯ ನೆಲವೂ ಹೋಗುತ್ತದೆ ಎಂಬ ಆತಂಕವಿದೆ. ಈ ಆತಂಕ ಭಾವನೆಯದ್ದಲ್ಲ, ಕೂಡಿ ಕಳೆದರೆ ಕೈಗೆ ಸಿಗುವಂಥದ್ದು.

ಎರಡು ಕುರ್ಚಿ, ಮೂರು ಜನ

ಆಯೋಗದ ಸೂತ್ರದಲ್ಲಿ ‘ಕನ್ನಡ ಅಥವಾ ಮಾತೃಭಾಷೆ’ ಎಂದಿದೆ. ತುಳು ಮಾತೃಭಾಷೆ ತಾನೇ, ಹಾಗಾದರೆ ತುಳುವಿಗೆ ಲಾಭವೇ ಅಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಎರಡು ಅಡ್ಡಿಗಳಿವೆ.

ಒಂದು, ಎಸ್ಸೆಸ್ಸೆಲ್ಸಿಯ ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಕನ್ನಡ, ತೆಲುಗು, ತಮಿಳು, ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಸಂಸ್ಕೃತ ಇವೆ. ತುಳು ಇಲ್ಲ, ಕೊಂಕಣಿ ಇಲ್ಲ. 24,821 ಜನರ ಮಾತೃಭಾಷೆ ಒಳಗಿದೆ, 2011ರ ಜನಗಣತಿಯಲ್ಲಿ 18.46 ಲಕ್ಷ ಜನ ಮಾತೃಭಾಷೆ ಎಂದು ಬರೆಸಿದ ತುಳು ಹೊರಗಿದೆ. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 1992ರಿಂದ ಇರುವ ಕೊಂಕಣಿಯೂ ಹೊರಗೇ.

ಎರಡು, ಪಟ್ಟಿಗೆ ತುಳುವನ್ನು ಸೇರಿಸಿದರೂ ಕುರ್ಚಿ ಸಾಲದು. ತುಳು ಮಗುವಿಗೆ ತುಳು ಒಂದು, ಇಂಗ್ಲಿಷ್ ಒಂದು ಎಂದರೆ ಕನ್ನಡ ಹೊರಗೆ. ಅದಕ್ಕೆ 2015ರ ಕಾಯ್ದೆ ಒಪ್ಪುವುದಿಲ್ಲ, ಒಪ್ಪಲೂಬಾರದು. ಕನ್ನಡ ಒಂದು, ಇಂಗ್ಲಿಷ್ ಒಂದು ಎಂದರೆ ತುಳು ಹೊರಗೆ. ತುಳು ಮತ್ತು ಕನ್ನಡ ಸಾಕು ಎಂದು ಇಂಗ್ಲಿಷ್ ಬಿಡಲು ಯಾವ ಅಪ್ಪ–ಅಮ್ಮನೂ ಸಿದ್ಧರಿಲ್ಲ. ಮೈಸೂರಿನ ಕನ್ನಡ ಮನೆಯ ಮಗುವಿಗೆ ಎರಡು ಭಾಷೆ ಸಾಕಾಗಬಹುದು. ಬೆಳ್ತಂಗಡಿಯ ತುಳು ಮನೆಯ ಮಗುವಿಗೆ ಮನೆ, ರಾಜ್ಯ, ಉದ್ಯೋಗ ಎಂದು ಎಣಿಸಿದರೆ ಲೆಕ್ಕ ಮೂರಕ್ಕೇ ನಿಲ್ಲುತ್ತದೆ. ಇವತ್ತು ಆ ಮೂರನೆಯದಕ್ಕೆ ತೃತೀಯ ಭಾಷೆಯ ಜಾಗ ಬಿಟ್ಟರೆ ಶಾಲೆಯಲ್ಲಿ ಬೇರೆ ಜಾಗವಿಲ್ಲ.

ಇನ್ನೊಂದು ಪರಿಣಾಮ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಉಳಿದ ವಿಷಯಗಳ ಅಂಕ ಹೀಗೆಯೇ ಇದ್ದು ಮೂರನೇ ಭಾಷೆಯಷ್ಟೇ ಹೋದರೆ ಒಟ್ಟು 525. ಪ್ರಥಮ ಭಾಷೆಯ 125ರ ತೂಕ ಶೇ 20ರಿಂದ ಸುಮಾರು ಶೇ 24ಕ್ಕೆ ಏರುತ್ತದೆ. ತೂಕ ಏರಿದಷ್ಟೂ ‘ಸ್ಕೋರಿಂಗ್’ ಭಾಷೆಯನ್ನು ಆ ಜಾಗಕ್ಕೆ ತರುವ ಆಸೆಯೂ ಏರುತ್ತದೆ. ಮಾತೃಭಾಷೆ ಎಂಬ ಪದಕ್ಕೆ ಬಿಗಿಯಾದ ವ್ಯಾಖ್ಯಾನ ಕೊಡದಿದ್ದರೆ, ಹಿಂದಿಯನ್ನು ಹೊರಗಿಡಲು ಮಾಡಿದ ನಿಯಮ ನಮ್ಮನ್ನು 1979ರ ಜಗಳದ ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ.

ಭಾಷೆ ಇರಲಿ, ಅಂಕ ಬೇಡ, ಬರಿಯ ಗ್ರೇಡ್ ಕೊಡೋಣ ಎಂಬ ನಡುದಾರಿಯ ಮಾತೂ ಇದೆ. ಹಿಂದಿಯಲ್ಲಿ ಫೇಲಾಗುವ ಮಗುವಿಗೆ ಇದು ನಿಜವಾದ ನೆಮ್ಮದಿ. ತುಳುವಿಗೆ? 95 ಅಂಕದ ಆಕರ್ಷಣೆ ಹೋದಮೇಲೆ ಪೋಷಕರ ಒತ್ತಾಯ ಕುಗ್ಗುತ್ತದೆ, ತರಗತಿಯಲ್ಲಿ ಮಕ್ಕಳು ಕುಗ್ಗುತ್ತಾರೆ, ಸಂಖ್ಯೆ ತೋರಿಸಿ ಗೌರವಧನ ಕೇಳುವುದು ಕಷ್ಟವಾಗುತ್ತದೆ, ಶಿಕ್ಷಕಿ ಹೋಗುತ್ತಾರೆ. ಹಿಂದಿಗೆ ಹುದ್ದೆಯ ರಕ್ಷಣೆ ಇರುವುದರಿಂದ ಅಂಕ ಹೋದರೂ ಅದು ಕೆಲವು ವರ್ಷ ಉಳಿದುಕೊಳ್ಳುತ್ತದೆ. ಅಂದರೆ ಯಾವುದನ್ನು ಗುರಿಯಿಟ್ಟು ನಿಯಮ ಮಾಡಿದರೋ ಅದು ಕೊನೆಗೆ ಹೋಗುತ್ತದೆ, ಗುರಿಯಲ್ಲೇ ಇಲ್ಲದ್ದು ಮೊದಲು ಹೋಗುತ್ತದೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮೂರನೇ ಭಾಷೆಯನ್ನು ಐಚ್ಛಿಕ ಮಾಡಿ, ತೆಗೆದುಕೊಂಡವರಿಗೆ ಆ ಅಂಕದಿಂದ ಶೇಕಡಾವಾರು ಹೆಚ್ಚುವುದಾದರೆ ಮಾತ್ರ ಸೇರಿಸುವುದು, ಇಲ್ಲವಾದರೆ 525ಕ್ಕೇ ಲೆಕ್ಕ ಹಾಕುವುದು. ಹೊರೆ ಬೇಡವೆನ್ನುವವನಿಗೆ ಹೊರೆಯಿಲ್ಲ, ಬೇಕೆನ್ನುವವಳಿಗೆ ಫಲವಿದೆ. ಒಂದು ವಿಷಯದ ಬದಲು ಇನ್ನೊಂದನ್ನು ಹಾಕಿಕೊಳ್ಳುವ ಅಭ್ಯಾಸ ಇಲಾಖೆಗೆ ಹೊಸದೂ ಅಲ್ಲ. ವೃತ್ತಿಶಿಕ್ಷಣ ಕೊಡುವ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಯೋಜನೆಯ ಶಾಲೆಗಳಲ್ಲಿ ಇದೇ ತೃತೀಯ ಭಾಷೆಯ ಜಾಗದಲ್ಲಿ ಮಕ್ಕಳು ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್‌ನಂಥ ವೃತ್ತಿ ವಿಷಯಗಳ ಪರೀಕ್ಷೆ ಬರೆಯುತ್ತಿದ್ದಾರೆ.

ಫ್ರೆಂಚ್, ಜರ್ಮನ್ ಮಕ್ಕಳ ಸಂಗತಿ

ಕೇಂದ್ರ ಪಠ್ಯಕ್ರಮದ ನಗರ ಶಾಲೆಗಳಲ್ಲಿ ಬಿಕ್ಕಟ್ಟು ತಿರುಗುಮುರುಗು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತರವರೆಗೆ ಮೂರು ಭಾಷೆ ಇರಲಿ, ಅದರಲ್ಲಿ ಕನಿಷ್ಠ ಎರಡು ಭಾರತೀಯವಾಗಿರಲಿ ಎನ್ನುತ್ತದೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಒಂದು, ರಾಜ್ಯದ ಕಾಯ್ದೆಯಂತೆ ಕನ್ನಡ ಒಂದು. ಉಳಿದ ಒಂದು ಸ್ಥಾನಕ್ಕೆ ಇನ್ನೊಂದು ಭಾರತೀಯ ಭಾಷೆಯೇ ಬರಬೇಕು. ಫ್ರೆಂಚ್, ಜರ್ಮನ್‌ಗಳು ನಾಲ್ಕನೆಯದಾಗಿ ಬಂದರೆ ಬಂದವು.

ಇಂಥ ಬದಲಾವಣೆಯನ್ನು ಹೇಗೆ ಮಾಡಬಾರದು ಎಂಬುದಕ್ಕೆ 2014ರ ಪಾಠವಿದೆ. ಜರ್ಮನ್ ಭಾಷೆ, ಸಂಸ್ಕೃತಿಯನ್ನು ಹರಡುವ ಗೋಥೆ ಸಂಸ್ಥೆಯ ಜೊತೆ 2011ರಲ್ಲಿ ಆದ ಒಪ್ಪಂದದಂತೆ ಕೇಂದ್ರೀಯ ವಿದ್ಯಾಲಯಗಳಲ್ಲಿ ಆರರಿಂದ ಎಂಟನೇ ತರಗತಿಯ ಮಕ್ಕಳು ಮೂರನೇ ಭಾಷೆಯಾಗಿ ಜರ್ಮನ್ ಕಲಿಯುತ್ತಿದ್ದರು. 2014ರ ನವೆಂಬರಿನಲ್ಲಿ, ಶಾಲಾ ವರ್ಷದ ನಡುವೆ, ಅದನ್ನು ನಿಲ್ಲಿಸಿ ಸಂಸ್ಕೃತ ಎಂದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಆ ವರ್ಷ ಸಂಸ್ಕೃತಕ್ಕೆ ಪರೀಕ್ಷೆ ಬೇಡ ಎಂದು ಸರ್ಕಾರವೇ ಹೇಳಬೇಕಾಯಿತು. ಭಾಷಾನೀತಿ ಯಾವುದೇ ಇರಲಿ, ಆರನೇ ತರಗತಿಯಿಂದ ಮೇಲಕ್ಕೆ ವರ್ಷಕ್ಕೊಂದು ಮೆಟ್ಟಿಲಿನಂತೆ ಏರಿಸಿದರೆ ಮಾತ್ರ ಈಗಾಗಲೇ ಕಲಿಯುತ್ತಿರುವವರು ಬೀದಿಗೆ ಬೀಳುವುದಿಲ್ಲ. ಕನ್ನಡ ಕಲಿಕಾ ಕಾಯ್ದೆಯನ್ನು ಒಂದನೇ ತರಗತಿಯಿಂದ ಹಂತಹಂತವಾಗಿ ತಂದದ್ದು ಇದೇ ಕಾರಣಕ್ಕೆ ಸರಿಯಾದ ಕ್ರಮ.

ಆರನೇ ತರಗತಿಯ ಅರ್ಜಿ ತುಂಬುವ ಮೊದಲು

ನೀತಿ ಯಾವ ಕಡೆ ತಿರುಗಿದರೂ ಈಗ ಐದನೆಯ ತರಗತಿ ಮುಗಿಸುತ್ತಿರುವ ಮಗುವಿನ ಪೋಷಕರು ತೀರ್ಮಾನ ಮಾಡಲೇಬೇಕು. ಶಾಲೆಯಲ್ಲಿ ಮೊದಲು ಕೇಳಬೇಕಾದ್ದು ‘ತುಳು ಇದೆಯೇ’ ಎಂದಲ್ಲ, ಕಳೆದ ಮೂರು ವರ್ಷ ಹತ್ತನೇ ತರಗತಿಯಲ್ಲಿ ತುಳು ಬರೆದವರು ಎಷ್ಟು ಮಂದಿ ಎಂದು. ಆರರಲ್ಲಿ 30, ಹತ್ತರಲ್ಲಿ 4 ಎಂದರೆ ನಡುವೆ ಎಲ್ಲೋ ಶಿಕ್ಷಕರು ಬಿಟ್ಟುಹೋಗಿದ್ದಾರೆ ಎಂದು ಅರ್ಥ. ವರ್ಗಾವಣೆಯ ನೌಕರಿಯಿದ್ದರೆ ಇನ್ನೂ ಎಚ್ಚರ ಬೇಕು: ಪುತ್ತೂರಿನಿಂದ ಶಿವಮೊಗ್ಗಕ್ಕೆ ಹೋದರೆ ಎಂಟನೇ ತರಗತಿಯ ಮಗು ಹಿಂದಿಯ ಮೂರು ವರ್ಷದ ಪಾಠವನ್ನು ಒಂದೇ ವರ್ಷದಲ್ಲಿ ಮುಗಿಸಬೇಕಾಗುತ್ತದೆ.

ಹತ್ತರ ನಂತರದ ದಾರಿಯನ್ನೂ ನೋಡಿಕೊಳ್ಳಿ. ಪಿಯುಸಿಯ ಭಾಷಾ ಪಟ್ಟಿಯಲ್ಲಿ ಸಂಸ್ಕೃತ, ಉರ್ದು, ಅರೇಬಿಕ್, ಫ್ರೆಂಚ್, ಮಲಯಾಳಂ ಎಲ್ಲ ಇವೆ. ತುಳು, ಕೊಂಕಣಿ ಇಲ್ಲ. ಎಂಜಿನಿಯರಿಂಗ್ ಸಿಇಟಿ ರ‍್ಯಾಂಕಿಗೆ ಪಿಯು ಭಾಷೆಯ ಅಂಕ ಲೆಕ್ಕಕ್ಕೇ ಬರುವುದಿಲ್ಲ, ಭೌತ, ರಸಾಯನ, ಗಣಿತ ಮಾತ್ರ. ಹೀಗಾಗಿ ಪಿಯುಸಿಯಲ್ಲಿ ‘ಸ್ಕೋರಿಂಗ್’ ಎಂದು ಹೊಸ ಭಾಷೆಗೆ ಹಾರುವ ವಿಜ್ಞಾನದ ವಿದ್ಯಾರ್ಥಿ ಗಳಿಸುವುದು ಅಂಕಪಟ್ಟಿಯ ಅಂದವನ್ನಷ್ಟೆ. ವಾಣಿಜ್ಯದವರಿಗೆ, ಒಟ್ಟು 600ರ ಮೇಲೆ ಪದವಿ ಕಾಲೇಜಿನ ಸೀಟು ನಿಂತಿರುವುದರಿಂದ, ಲೆಕ್ಕ ಬೇರೆ.

ಹತ್ತನೇ ತರಗತಿಯ ನೋಂದಣಿಯ ಹೊತ್ತಿಗೆ ಶಾಲೆ ಪರಿಶೀಲನಾ ಪಟ್ಟಿಯನ್ನು ತೋರಿಸಿದಾಗ ಹೆಸರು, ಜನ್ಮದಿನಾಂಕದ ಜೊತೆ ತೃತೀಯ ಭಾಷೆಯ ಸಾಲನ್ನೂ ಓದಿ ಸಹಿ ಹಾಕಿ. ನೂರು ಮಕ್ಕಳಲ್ಲಿ 96 ಮಂದಿಯದು ಹಿಂದಿಯಾಗಿದ್ದಾಗ, ಉಳಿದ ನಾಲ್ವರದನ್ನೂ ಹಿಂದಿಯೆಂದೇ ಒತ್ತಿಬಿಡುವುದು ಗುಮಾಸ್ತರ ಬೆರಳಿಗೆ ಬಹಳ ಸುಲಭ.